ಊರಿಗೊಬ್ಬನೇ ಓದುಗ: ಅನಕ್ಷರತೆ, ಮಧ್ಯವರ್ತಿ ಮತ್ತು ಪ್ರಜಾಪ್ರಭುತ್ವ

ಆಸ್ಟ್ರೇಲಿಯಾದ ಎರಡು ಮಹಾನಗರಗಳಲ್ಲಿ ಬಾಕ್ಸ್ ಹಿಲ್ ಎಂಬ ಒಂದೇ ಹೆಸರಿನ ಎರಡು ಉಪನಗರಗಳಿವೆ. ಒಂದು ಮೆಲ್ಬೋರ್ನ್‌ನ ಪೂರ್ವಕ್ಕೆ, ವೈಟ್‌ಹಾರ್ಸ್ ನಗರಸಭೆಯ ವ್ಯಾಪ್ತಿಯಲ್ಲಿರುವ ಹಳೆಯ ಬಡಾವಣೆ. ರೈಲು ನಿಲ್ದಾಣದ ಸುತ್ತಲಿನ ಅಂಗಡಿಗಳ ಫಲಕಗಳಲ್ಲಿ ಇಂಗ್ಲಿಷಿನ ಜೊತೆಗೆ ಚೀನೀ ಲಿಪಿಯೂ ಎದ್ದು ಕಾಣುವ ಊರು. ಇನ್ನೊಂದು ಸಿಡ್ನಿಯ ವಾಯವ್ಯದ ಅಂಚಿನಲ್ಲಿ, ಹಿಲ್ಸ್ ಶೈರ್ ಆಡಳಿತಕ್ಕೆ ಸೇರಿದ್ದು. ನಿನ್ನೆ ಮೊನ್ನೆಯವರೆಗೆ ತೋಟ, ಹುಲ್ಲುಗಾವಲುಗಳಿದ್ದ ಜಾಗದಲ್ಲಿ ಸಾಲುಮನೆಗಳೆದ್ದು, ಭಾರತದಿಂದ ಬಂದ ಕುಟುಂಬಗಳು ನೆಲೆಸುತ್ತಿರುವ ಹೊಸ ಬಡಾವಣೆ. ಎರಡೂ ಕಡೆ ಶಾಲೆಯ ಮೆಟ್ಟಿಲು ಹತ್ತದವರನ್ನು ಹುಡುಕಿ ತೆಗೆಯಬೇಕು. ಆದರೂ ಅನಕ್ಷರತೆ ಪ್ರಜಾಪ್ರಭುತ್ವವನ್ನು ಹೇಗೆ ಶಿಥಿಲಗೊಳಿಸುತ್ತದೆ ಎಂಬ ಪ್ರಶ್ನೆಗೆ ಈ ಊರುಗಳಿಂದಲೇ ಉತ್ತರ ಹುಡುಕಲು ಕಾರಣವಿದೆ.

ಓದುಬರಹ ಬಾರದವನು ಜಾತಿ ನೋಡಿ, ಹಣಕ್ಕೆ ಮರುಳಾಗಿ ಮತ ಹಾಕುತ್ತಾನೆ, ಓದಿದವನು ವಿಚಾರ ಮಾಡಿ ಹಾಕುತ್ತಾನೆ ಎಂಬ ಮಾತನ್ನು ನಾವೆಲ್ಲ ಶಾಲೆಯ ಪ್ರಬಂಧಗಳ ಕಾಲದಿಂದ ಕೇಳುತ್ತ ಬಂದಿದ್ದೇವೆ. ಅನುಭವ ಇದನ್ನು ಸಮರ್ಥಿಸುವುದಿಲ್ಲ. ಸಾಕ್ಷರರು ಜಾತಿಯನ್ನು ಮರೆತ ಉದಾಹರಣೆಗಳು ವಿರಳ. ಕರ್ನಾಟಕದ 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಸುಮಾರು ಶೇಕಡ 73 ಇದ್ದಾಗ, 2011ರ ಜನಗಣತಿಯಲ್ಲಿ ಶೇಕಡ 87ಕ್ಕೂ ಮಿಕ್ಕಿ ಸಾಕ್ಷರತೆ ದಾಖಲಿಸಿದ ಬೆಂಗಳೂರು ನಗರ ಪ್ರದೇಶದ ಮತದಾನ ಶೇಕಡ 55ರ ಆಸುಪಾಸಿನಲ್ಲೇ ಉಳಿಯಿತು. ಅಕ್ಷರ ಕಲಿತ ಮಾತ್ರಕ್ಕೆ ಪೌರಪ್ರಜ್ಞೆ ಬರುವುದಿಲ್ಲ. ಅಕ್ಷರವಿಲ್ಲವೆಂದ ಮಾತ್ರಕ್ಕೆ ವಿವೇಕ ಇಲ್ಲವಾಗುವುದೂ ಇಲ್ಲ.

ಹಾಗಾದರೆ ಹಾನಿ ಎಲ್ಲಿ? ಸರಕಾರವೆಂಬುದು ಬರಹದ ಮೂಲಕ ನಡೆಯುವ ಯಂತ್ರ. ಕಾನೂನು, ಮತಪತ್ರ, ಪಹಣಿ, ಅರ್ಜಿ, ನೋಟಿಸು, ರಸೀದಿ ಎಲ್ಲವೂ ಬರಹವೇ. ಅದನ್ನು ಓದಲಾರದವನು ಓದಿ ಹೇಳುವ ಇನ್ನೊಬ್ಬನನ್ನು ನಂಬಲೇಬೇಕು. ಆ ಇನ್ನೊಬ್ಬ ಸರಿಯಾಗಿ ಓದಿದನೇ ಎಂದು ಪರೀಕ್ಷಿಸುವ ಉಪಾಯ ಅವನ ಕೈಯಲ್ಲಿಲ್ಲ. ಅನಕ್ಷರತೆ ಕಸಿದುಕೊಳ್ಳುವುದು ಮತದಾರನ ಬುದ್ಧಿಯನ್ನಲ್ಲ, ಪರೀಕ್ಷಿಸಿ ನೋಡುವ ಅವನ ಸಾಮರ್ಥ್ಯವನ್ನು. ಊರಿಗೆ ಒಬ್ಬನೇ ಓದುಗನಿದ್ದರೆ ಅಲ್ಲಿ ಆಳುವವನು ಅವನೇ.

2019ರ ನೇರಳೆ ಫಲಕ

2019ರ ಮೇ 18ರಂದು ಆಸ್ಟ್ರೇಲಿಯಾದ ಸಂಸತ್ತಿಗೆ ಚುನಾವಣೆ ನಡೆಯಿತು. ಮೆಲ್ಬೋರ್ನ್‌ನ ಬಾಕ್ಸ್ ಹಿಲ್ ಆಗ ಚಿಜಮ್ ಎಂಬ ಕ್ಷೇತ್ರಕ್ಕೆ ಸೇರಿತ್ತು. ಲಿಬರಲ್ ಪಕ್ಷದಿಂದ ಹಾಂಗ್‌ಕಾಂಗ್ ಮೂಲದ ಗ್ಲ್ಯಾಡಿಸ್ ಲಿಯು, ಲೇಬರ್ ಪಕ್ಷದಿಂದ ತೈವಾನ್ ಮೂಲದ ಜೆನ್ನಿಫರ್ ಯಾಂಗ್ ಸ್ಪರ್ಧಿಸಿದ್ದರು. ಚೀನೀ ಭಾಷೆಯ ಮತದಾರರ ಒಲವು ಫಲಿತಾಂಶವನ್ನು ನಿರ್ಧರಿಸಬಲ್ಲದೆಂದು ಎರಡೂ ಪಕ್ಷಗಳು ತಿಳಿದಿದ್ದವು.

ಮತದಾನದ ದಿನ ಮತಗಟ್ಟೆಗಳ ಬಳಿ ಚೀನೀ ಲಿಪಿಯ ಫಲಕಗಳು ಕಾಣಿಸಿಕೊಂಡವು. ಅವುಗಳ ಬಣ್ಣ ನೇರಳೆ ಮತ್ತು ಬಿಳಿ. ಇವು ಆಸ್ಟ್ರೇಲಿಯಾದ ಚುನಾವಣಾ ಆಯೋಗ ತನ್ನ ಫಲಕಗಳಿಗೆ ಬಳಸುವ ಬಣ್ಣಗಳು. ಮತ ಹಾಕುವ ಸರಿಯಾದ ವಿಧಾನ ಎಂಬ ತಲೆಬರಹದ ಕೆಳಗೆ, ಹಸಿರು ಮತಪತ್ರದಲ್ಲಿ ಲಿಬರಲ್ ಪಕ್ಷದ ಅಭ್ಯರ್ಥಿಯ ಮುಂದೆ 1 ಎಂದು ಬರೆದು ಉಳಿದ ಚೌಕಗಳನ್ನು ಅಂಕೆಗಳ ಕ್ರಮದಲ್ಲಿ ತುಂಬಬೇಕೆಂಬ ಸೂಚನೆ ಇತ್ತು. ಪಕ್ಷದ ಲಾಂಛನ ಮೇಲೆಲ್ಲೂ ಇರಲಿಲ್ಲ. ಗ್ಲ್ಯಾಡಿಸ್ ಲಿಯು 1,090 ಮತಗಳ ಅಂತರದಿಂದ ಗೆದ್ದರು.

ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಫಲಕವನ್ನು ಆಯೋಗದ ಫಲಕದಂತೆ ಕಾಣುವ ಹಾಗೆ ರೂಪಿಸಲಾಗಿತ್ತೆಂದು ಆಗ ವಿಕ್ಟೋರಿಯಾ ಲಿಬರಲ್ ಪಕ್ಷದ ಹಂಗಾಮಿ ನಿರ್ದೇಶಕರಾಗಿದ್ದವರು ಸಾಕ್ಷ್ಯದಲ್ಲಿ ಒಪ್ಪಿಕೊಂಡರು. 2019ರ ಡಿಸೆಂಬರ್ 24ರಂದು ಫೆಡರಲ್ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಸಿಂಧುವಾದ ಮತ ಹಾಕಬೇಕಾದರೆ ಲಿಬರಲ್ ಅಭ್ಯರ್ಥಿಯ ಮುಂದೆ 1 ಬರೆಯಬೇಕೆಂದು ಚಿಜಮ್‌ನ ಚೀನೀ ಓದುಗರು ತಪ್ಪಾಗಿ ತಿಳಿಯುವಂತೆ ಮಾಡುವ ಗುಣ ಆ ಫಲಕಗಳಿಗಿತ್ತೆಂದು ಅದು ಹೇಳಿತು. ಆದರೆ ಅದರಿಂದ ಫಲಿತಾಂಶ ಬದಲಾಗಿರುವ ಸಂಭವ ಸಾಬೀತಾಗಿಲ್ಲವೆಂದು ಅರ್ಜಿಯನ್ನು ವಜಾ ಮಾಡಿತು. ಚುನಾವಣೆ ಊರ್ಜಿತವಾಯಿತು.

ಫಲಕದ ಓದುಗರು ಅನಕ್ಷರಸ್ಥರಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅವರು ತಮ್ಮ ಭಾಷೆಯಲ್ಲಿ ಪತ್ರಿಕೆ, ಪುಸ್ತಕ ಓದಬಲ್ಲವರು. ಮತಪತ್ರದ ಭಾಷೆ ಮಾತ್ರ ಅವರದಾಗಿರಲಿಲ್ಲ. ಇಂಗ್ಲಿಷ್ ಬಲ್ಲವನು ಆ ಫಲಕವನ್ನು ಕಂಡು ಸಂಶಯಗೊಂಡರೆ ಆಯೋಗದ ಇಂಗ್ಲಿಷ್ ಸೂಚನೆಯೊಡನೆ ಹೋಲಿಸಿ ನೋಡಬಹುದಿತ್ತು. ಇಂಗ್ಲಿಷ್ ಬಾರದವರಿಗೆ ಹೋಲಿಸಲು ಎರಡನೆಯ ಬರಹವಿರಲಿಲ್ಲ. ಇನ್ನೊಂದು ಮಗ್ಗುಲೂ ಇದೆ: ಮತಗಟ್ಟೆಯ ಸಿಬ್ಬಂದಿಗೆ ಚೀನೀ ಲಿಪಿ ಬಾರದಿದ್ದರೆ ಫಲಕದಲ್ಲೇನಿದೆ ಎಂಬುದನ್ನು ಅವರೂ ಪರೀಕ್ಷಿಸಲಾರರು. ಪ್ರಜೆ ಸರಕಾರದ ಭಾಷೆಯನ್ನು ಓದಲಾರ, ಸರಕಾರ ಪ್ರಜೆಯ ಭಾಷೆಯನ್ನು ಓದಲಾರದು. ಎರಡನ್ನೂ ಬಲ್ಲವನಿಗೆ ನಡುವಿನ ಜಾಗ ತಾನಾಗಿ ದಕ್ಕುತ್ತದೆ.

ಅನಕ್ಷರತೆಯ ಮೂರು ಬಗೆ

ಆದ್ದರಿಂದ ಅನಕ್ಷರತೆ ಎಂಬ ಒಂದೇ ಪದದಡಿ ಮೂರು ಸ್ಥಿತಿಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ.

ಮೊದಲನೆಯದು ಯಾವ ಲಿಪಿಯೂ ಬಾರದ ಸ್ಥಿತಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇಕಡ 75.36, ಗಂಡಸರಲ್ಲಿ 82.47, ಹೆಂಗಸರಲ್ಲಿ 68.08. ದಕ್ಷಿಣ ಕನ್ನಡದಲ್ಲಿ ಶೇಕಡ 88.57 ಇದ್ದರೆ ಯಾದಗಿರಿಯಲ್ಲಿ 51.83. ಒಂದೇ ರಾಜ್ಯದ, ಒಂದೇ ಶಾಸನಸಭೆಯ ಪ್ರಜೆಗಳ ನಡುವಿನ ಅಂತರವಿದು.

ಎರಡನೆಯದು ಒಂದು ಲಿಪಿ ಬಲ್ಲವರು ಆಡಳಿತದ ಲಿಪಿ ಅರಿಯದಿರುವುದು. ಭಾರತದ ಜನಗಣತಿ ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥಸಹಿತ ಓದಿ ಬರೆಯಬಲ್ಲ, ಏಳು ವರ್ಷ ದಾಟಿದ ಎಲ್ಲರನ್ನೂ ಸಾಕ್ಷರರೆಂದು ಎಣಿಸುತ್ತದೆ. ಆ ಭಾಷೆಯಲ್ಲೇ ಆಡಳಿತ ನಡೆಯುತ್ತಿದೆಯೇ ಎಂದು ಅದು ಕೇಳುವುದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರ ಬಹುಕಾಲದ ಅಹವಾಲು ಇದೇ. ಕನ್ನಡ ಶಾಲೆಯಲ್ಲಿ ಕಲಿತವನ ಕೈಗೆ ಮಲಯಾಳದ ಸುತ್ತೋಲೆ ಬಂದರೆ ಅವನು ಆ ಕ್ಷಣಕ್ಕೆ ಅನಕ್ಷರಸ್ಥನೇ. ಬಾಕ್ಸ್ ಹಿಲ್‌ನ ಚೀನೀ ಓದುಗನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಆಸ್ಟ್ರೇಲಿಯಾದ 2021ರ ಜನಗಣತಿಯಲ್ಲಿ ಇಂಗ್ಲಿಷ್ ಚೆನ್ನಾಗಿ ಬಾರದು ಅಥವಾ ಸ್ವಲ್ಪವೂ ಬಾರದು ಎಂದವರು ಎಂಟೂವರೆ ಲಕ್ಷಕ್ಕೂ ಹೆಚ್ಚು.

ಮೂರನೆಯದು ಅಕ್ಷರ ಬಂದರೂ ಬರಹ ದಕ್ಕದ ಸ್ಥಿತಿ. ಶ್ರೀಮಂತ ರಾಷ್ಟ್ರಗಳ ಒಕ್ಕೂಟವಾದ ಒಇಸಿಡಿ 2011-12ರಲ್ಲಿ ನಡೆಸಿದ ವಯಸ್ಕರ ಕೌಶಲ ಸಮೀಕ್ಷೆಯಲ್ಲಿ ಆಸ್ಟ್ರೇಲಿಯಾದ ವಯಸ್ಕರ ಪೈಕಿ ಶೇಕಡ ಸುಮಾರು 44 ಮಂದಿ ಓದಿನ ಮೂರನೆಯ ಹಂತಕ್ಕಿಂತ ಕೆಳಗಿದ್ದರು. ದೀರ್ಘವಾದ ಬರಹವೊಂದರಿಂದ ಬೇಕಾದ ಮಾಹಿತಿಯನ್ನು ಹೆಕ್ಕಿ, ಹೋಲಿಸಿ, ನಿರ್ಣಯಕ್ಕೆ ಬರುವ ಸಾಮರ್ಥ್ಯವನ್ನು ಆ ಹಂತ ಅಳೆಯುತ್ತದೆ. ಶಾಲಾ ಶಿಕ್ಷಣ ಕಡ್ಡಾಯವಾಗಿ ಒಂದೂಕಾಲು ಶತಮಾನ ದಾಟಿದ ದೇಶದ ಲೆಕ್ಕ ಇದು.

ಮೆಲ್ಬೋರ್ನ್‌ನ ಮತಪತ್ರ, ಭಾರತದ ಚಿಹ್ನೆ

ಈ ಮೂರೂ ಬಗೆಯವರು ಮತಪತ್ರದ ಮುಂದೆ ನಿಂತಾಗ ಏನಾಗುತ್ತದೆ? ಸರಕಾರವೇ ಅಭ್ಯರ್ಥಿಗಳ ಹೆಸರು ಮುದ್ರಿಸಿ ಕೊಡುವ, ಮರೆಯಲ್ಲಿ ಗುರುತು ಮಾಡಿ ಪೆಟ್ಟಿಗೆಗೆ ಹಾಕುವ ಗುಪ್ತ ಮತದಾನ ಪದ್ಧತಿ 1856ರಲ್ಲಿ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳಲ್ಲಿ ಜಾರಿಗೆ ಬಂತು. ಜಗತ್ತು ಇದನ್ನು ಆಸ್ಟ್ರೇಲಿಯಾದ ಮತಪತ್ರವೆಂದೇ ಕರೆಯಿತು. ಜಮೀನುದಾರನ, ಮಾಲಿಕನ ಕಣ್ಣೆದುರು ಕೈಯೆತ್ತಿ ಮತ ಹೇಳಬೇಕಿದ್ದ ಕಾಲಕ್ಕೆ ಅದು ದೊಡ್ಡ ಬಿಡುಗಡೆ. ಆದರೆ ಆ ಬಿಡುಗಡೆಗೆ ಒಂದು ಷರತ್ತಿತ್ತು: ಮತದಾರನಿಗೆ ಓದು ಬರಬೇಕು. ಅಮೆರಿಕದ ದಕ್ಷಿಣ ರಾಜ್ಯಗಳು 19ನೆಯ ಶತಮಾನದ ಕೊನೆಯಲ್ಲಿ ಈ ಪದ್ಧತಿಯನ್ನು ತಂದಾಗ, ಗುಲಾಮಗಿರಿಯಿಂದ ಬಿಡುಗಡೆಗೊಂಡು ಇನ್ನೂ ಓದು ಕಲಿಯದಿದ್ದ ಕಪ್ಪು ಜನರನ್ನು ಮತದಾನದಿಂದ ದೂರವಿಡಲು ಅದೇ ಮುದ್ರಿತ ಚೀಟಿ ಸಾಧನವಾಯಿತು.

ಭಾರತ ಈ ಸಮಸ್ಯೆಯನ್ನು ತಲೆಕೆಳಗು ಮಾಡಿ ನೋಡಿತು. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇಕಡ 18.33. ಆ ಸ್ಥಿತಿಯಲ್ಲೇ 1951-52ರ ಮೊದಲ ಮಹಾಚುನಾವಣೆಗೆ 17 ಕೋಟಿಗೂ ಹೆಚ್ಚು ಮತದಾರರ ಪಟ್ಟಿ ಸಿದ್ಧವಾಯಿತು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರ ಆಯೋಗ ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆ ಪೆಟ್ಟಿಗೆಯಿಟ್ಟು, ಅದರ ಮೇಲೆ ಚಿಹ್ನೆಯನ್ನು ಅಂಟಿಸಿತು. ಮತದಾರ ತನಗೆ ಕೊಟ್ಟ ಚೀಟಿಯನ್ನು ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯೊಳಗೆ ಹಾಕಿದರೆ ಮುಗಿಯಿತು. ಓದಬೇಕಾದ್ದು, ಬರೆಯಬೇಕಾದ್ದು ಏನೂ ಇರಲಿಲ್ಲ. ಪೆಟ್ಟಿಗೆಗಳ ಜಾಗಕ್ಕೆ ಮುಂದೆ ಮುದ್ರೆಯೊತ್ತುವ ಮತಪತ್ರ, ಅದರ ನಂತರ ಮತಯಂತ್ರ ಬಂದರೂ ಚಿಹ್ನೆ ಉಳಿಯಿತು. 2015ರಿಂದ ಅಭ್ಯರ್ಥಿಯ ಭಾವಚಿತ್ರವೂ ಸೇರಿತು.

ಎರಡು ದೇಶಗಳ ಕಾನೂನನ್ನು ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯಾದ ಚುನಾವಣಾ ಕಾಯ್ದೆಯ 234ನೆಯ ಕಲಮು ದೃಷ್ಟಿದೋಷ ಅಥವಾ ಅಂಗವೈಕಲ್ಯ ಉಳ್ಳವರ ಜೊತೆಗೆ ಅನಕ್ಷರಸ್ಥರಿಗೂ ಸಹಾಯಕನೊಬ್ಬನನ್ನು ಮತದಾನದ ಮರೆಗೆ ಕರೆದೊಯ್ಯಲು ಅವಕಾಶ ಕೊಡುತ್ತದೆ. ಭಾರತದ 1961ರ ಚುನಾವಣಾ ನಿಯಮಗಳ 49-ಎನ್ ನಿಯಮದಲ್ಲಿ ಈ ಅವಕಾಶ ಅಂಧತ್ವ ಮತ್ತು ದೈಹಿಕ ಅಶಕ್ತತೆಗೆ ಸೀಮಿತ. ಅಕ್ಷರ ಬಾರದೆಂಬುದು ಅಲ್ಲಿ ಕಾರಣವಾಗದು, ಏಕೆಂದರೆ ಚಿಹ್ನೆಯನ್ನು ಗುರುತಿಸಲು ಅಕ್ಷರ ಬೇಕಿಲ್ಲ. ಓದು ಬಾರದವರು ಕೋಟಿಗಟ್ಟಲೆ ಇರುವ ದೇಶ ಅವರು ಒಂಟಿಯಾಗಿ ಮತ ಹಾಕುವ ವ್ಯವಸ್ಥೆ ಕಟ್ಟಿತು. ಓದು ಬಾರದವರು ಕಡಿಮೆಯೆಂದು ನಂಬಿದ ದೇಶ ಅವರ ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿತು. ಗುಪ್ತ ಮತದಾನವನ್ನು ಜಗತ್ತಿಗೆ ಕೊಟ್ಟ ನೆಲದಲ್ಲಿ, ಅನಕ್ಷರಸ್ಥನ ಮತ ಕನಿಷ್ಠ ಒಬ್ಬನಿಗಾದರೂ ತಿಳಿದೇ ಇರುತ್ತದೆ. 2016ರ ತಿದ್ದುಪಡಿಯ ನಂತರ ಪಕ್ಷಗಳ ಲಾಂಛನಗಳನ್ನು ಸಂಸತ್ತಿನ ಮತಪತ್ರದಲ್ಲಿ ಮುದ್ರಿಸಲು ಆಸ್ಟ್ರೇಲಿಯಾವೂ ಒಪ್ಪಿದೆ. ಒಂದೇ ತೆರನ ಪಕ್ಷದ ಹೆಸರುಗಳಿಂದ ಸಾಕ್ಷರರಿಗೇ ಗೊಂದಲವಾಗುತ್ತಿತ್ತು ಎಂಬುದು ಅದಕ್ಕೊಂದು ಕಾರಣ.

ಭಾರತದ ಪ್ರಯೋಗದಲ್ಲೂ ಬಿರುಕಿತ್ತು. ಮೊದಲ ಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಮಹಿಳೆಯರ ಹೆಸರು ಬಿಟ್ಟುಹೋಯಿತು. ಅವರು ತಮ್ಮ ಸ್ವಂತ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಚಿಹ್ನೆ ಮತಗಟ್ಟೆಯೊಳಗೆ ಬಂದವರಿಗೆ ನೆರವಾಯಿತು. ಬಾಗಿಲಲ್ಲಿದ್ದ ಪಟ್ಟಿ ಮಾತ್ರ ಬರಹದ್ದೇ ಆಗಿತ್ತು.

ಅಕ್ಷರವನ್ನೇ ಬೇಲಿಯಾಗಿಸಿದಾಗ

ಅನಕ್ಷರತೆ ಹಾನಿಕರ ಎಂದೊಡನೆ, ಓದಿದವರಿಗಷ್ಟೇ ಅಧಿಕಾರವಿರಲಿ ಎಂಬ ಸಲಹೆ ಕೇಳಿಬರುತ್ತದೆ. ಆಸ್ಟ್ರೇಲಿಯಾಕ್ಕೆ ಬಂದ ಭಾರತೀಯರಿಗೆ ಈ ಸಲಹೆಯ ರುಚಿ ಗೊತ್ತಿರಬೇಕು. 1901ರ ವಲಸೆ ನಿರ್ಬಂಧ ಕಾಯ್ದೆಯ ಪ್ರಕಾರ, ಬೇಡವಾದ ವಲಸೆಗಾರನಿಗೆ ಅಧಿಕಾರಿ ತಾನು ಆರಿಸಿದ ಯುರೋಪಿನ ಯಾವುದೇ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದಿತ್ತು. 1909ರ ನಂತರ ಅದರಲ್ಲಿ ಒಬ್ಬರೂ ಉತ್ತೀರ್ಣರಾಗಲಿಲ್ಲ; ಉತ್ತೀರ್ಣರಾಗದಂತೆ ಮಾಡುವುದೇ ಅದರ ಉದ್ದೇಶ. 1958ರವರೆಗೆ ಅದು ಕಾನೂನಿನಲ್ಲಿ ಉಳಿಯಿತು. 1902ರ ಮತದಾನ ಕಾಯ್ದೆ ಏಷ್ಯಾದವರಿಗೆ, ಮೂಲನಿವಾಸಿಗಳಿಗೆ ಮತ ನಿರಾಕರಿಸಿತು. 1922ರಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಆಸ್ಟ್ರೇಲಿಯಾಕ್ಕೆ ಬಂದು ಭಾರತೀಯ ನಿವಾಸಿಗಳ ಪರ ವಾದಿಸಿದ ಮೇಲೆ, 1925ರಲ್ಲಿ ಅವರಿಗೆ ಮತದಾನದ ಹಕ್ಕು ಬಂತು.

ಸ್ವತಂತ್ರ ಭಾರತದಲ್ಲೂ ಇದರ ಪ್ರತಿಧ್ವನಿ ಕೇಳಿದೆ. ರಾಜಸ್ಥಾನ 2014ರ ಕೊನೆಯಲ್ಲಿ, ಹರಿಯಾಣ 2015ರಲ್ಲಿ ಪಂಚಾಯತಿ ಚುನಾವಣೆಗೆ ನಿಲ್ಲುವವರಿಗೆ ಶಾಲಾ ತರಗತಿಗಳ ಅರ್ಹತೆ ವಿಧಿಸಿದವು. ಹರಿಯಾಣದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು; ರಾಜಸ್ಥಾನ 2019ರಲ್ಲಿ ತನ್ನದನ್ನು ಹಿಂತೆಗೆದುಕೊಂಡಿತು. ಶಾಲೆ ಕಟ್ಟಿಕೊಡಬೇಕಾಗಿದ್ದ ಸರಕಾರ ತನ್ನ ವೈಫಲ್ಯದ ದಂಡವನ್ನು ಶಾಲೆ ಕಾಣದ ಹೆಂಗಸಿನ ಮೇಲೆ ಹೇರಿದಂತಾಗಿತ್ತು ಅದು. ಕರ್ನಾಟಕ ಬೇರೆ ದಾರಿ ಹಿಡಿದಿತ್ತು. 1983ರ ಕಾಯ್ದೆಯಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಮಹಿಳೆಯರಿಗೆ ಶೇಕಡ 25 ಸ್ಥಾನ ಮೀಸಲಾಯಿತು. ಮುಂದೆ ಅದು ಅರ್ಧಕ್ಕೇರಿತು. ಅಧ್ಯಕ್ಷೆಯ ಹೆಸರಿನಲ್ಲಿ ಗಂಡನೇ ಸಭೆ ನಡೆಸುವ ದೂರು ನಿಜವೇ. ಆದರೆ ಪ್ರೌಢಶಾಲೆ ಮುಗಿಸಿದ ಅಧ್ಯಕ್ಷೆಯರ ಮನೆಗಳಲ್ಲೂ ಅದು ಕೇಳಿಬರುತ್ತದೆ. ಕಡತ ಓದಲು ಆಕೆಗೆ ಗಂಡನಲ್ಲದೆ ಬೇರೊಬ್ಬರು ಸಿಗುತ್ತಾರೆಯೇ ಎಂಬುದು ಅಲ್ಲಿನ ನಿಜವಾದ ಪ್ರಶ್ನೆ.

ಶಾನುಭೋಗರ ಲೆಕ್ಕ, ಏಳನೆಯ ನಮೂನೆ

ಮತದಾನ ಐದು ವರ್ಷಕ್ಕೊಮ್ಮೆ ಬರುವಂಥದು. ಅನಕ್ಷರತೆಯ ನಿಜವಾದ ಹೊರೆ ಉಳಿದ ದಿನಗಳಲ್ಲಿ ಬೀಳುತ್ತದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಭೂಮಿಯ ಲೆಕ್ಕ ವಂಶಪಾರಂಪರ್ಯವಾಗಿ ಶಾನುಭೋಗರ ಕೈಯಲ್ಲಿತ್ತು. ಯಾರ ಹೊಲ ಎಷ್ಟು ಗುಂಟೆ, ಯಾರು ಸಾಗುವಳಿ ಮಾಡುತ್ತಿದ್ದಾರೆ, ಯಾರು ಕಂದಾಯ ಕಟ್ಟಿದ್ದಾರೆ ಎಂಬುದು ಅವರ ಪುಸ್ತಕದಲ್ಲಿ ಬರೆದಂತೆಯೇ ಸತ್ಯ. ಪ್ರಾಮಾಣಿಕ ಶಾನುಭೋಗರು ಧಾರಾಳವಾಗಿದ್ದರು. ಆದರೆ ರೈತನ ನ್ಯಾಯ ಅವರ ಪ್ರಾಮಾಣಿಕತೆಯೊಂದನ್ನೇ ಅವಲಂಬಿಸಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆ ವಂಶಪಾರಂಪರ್ಯವನ್ನು ಕೊನೆಗೊಳಿಸಿತು; ರೈತನಿಗೆ ಓದು ಕಲಿಸುವುದು ಕಾಯ್ದೆಯ ಕೈಯಲ್ಲಿರಲಿಲ್ಲ.

ಇದರ ಪರೀಕ್ಷೆ 1974ರಲ್ಲಿ ಬಂತು. ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿ ಭೂಮಿ ಸರಕಾರದಲ್ಲಿ ನಿಹಿತವಾಗಿ, ಉಳುವವನೇ ಹೊಲದೊಡೆಯನಾಗಬೇಕಿತ್ತು. ಆದರೆ ಒಡೆತನ ತಾನಾಗಿ ಬರುವಂತಿರಲಿಲ್ಲ. ಗೇಣಿದಾರ ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ತಾನು ಗೇಣಿದಾರನೆಂದು ತೋರಿಸಬೇಕಿತ್ತು. ಗೇಣಿ ಬಾಯಿಮಾತಿನದಾಗಿದ್ದು ಪಹಣಿಯಲ್ಲಿ ಹೆಸರಿಲ್ಲದವನಿಗೆ ಅದು ಕಡಿದಾದ ಏರು. ಅರ್ಜಿ ಸಲ್ಲಿಸುವ ಅವಧಿಯನ್ನು 1979ರ ಜೂನ್‌ವರೆಗೆ ವಿಸ್ತರಿಸಬೇಕಾಯಿತು. ನ್ಯಾಯಮಂಡಳಿಗಳಲ್ಲಿ ಮೊದಲು ವಕೀಲರಿಗೆ ಪ್ರವೇಶವಿರಲಿಲ್ಲ. ಬರಹದ ಬಲ ಜಮೀನುದಾರನ ಕಡೆಗೇ ವಾಲಬಾರದೆಂಬ ಎಚ್ಚರ ಆ ನಿಯಮದ ಹಿಂದಿತ್ತು. ರೈತ ಸಂಘಟನೆ ಬಲವಾಗಿದ್ದ, ಗೇಣಿ ವ್ಯಾಪಕವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಕಾಯ್ದೆ ಹೆಚ್ಚು ಫಲ ಕೊಟ್ಟಿತು. ಅಲ್ಲಿ ಅರ್ಜಿ ಬರೆದುಕೊಡಲು ಧಣಿಯ ಗುಮಾಸ್ತನಲ್ಲದೆ ಸಂಘದ ಕಾರ್ಯಕರ್ತನೂ ಇದ್ದ. ಊರಿಗೆ ಎರಡನೆಯ ಓದುಗ ಬಂದಿದ್ದ.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಇದೇ ತತ್ತ್ವವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. 1990ರಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರು ಕಟ್ಟಿದ ಈ ಸಂಘಟನೆ 1994ರಿಂದ ಊರ ನಡುವೆ ಜನಸುನವಾಯಿ ನಡೆಸಿ, ಕಾಮಗಾರಿಗಳ ಹಾಜರಿ ಪಟ್ಟಿಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿತು. ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು, ಕಟ್ಟದ ಕಟ್ಟಡಕ್ಕೆ ಸಿಮೆಂಟ್ ಕೊಂಡಿದ್ದು ಹೊರಬಿತ್ತು. ಓದು ಬಾರದ ಕೂಲಿಗಳು ತಪ್ಪನ್ನು ಹಿಡಿದರು, ಏಕೆಂದರೆ ಯಾರು ಕೆಲಸ ಮಾಡಿದರೆಂಬುದು ಅವರಿಗೆ ಗೊತ್ತಿತ್ತು. ದೇಶದ ಸಾಕ್ಷರರೆಲ್ಲ ಇಂದು ಬಳಸುವ 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಆ ಸಭೆಗಳಲ್ಲಿದೆ. ಅನಕ್ಷರಸ್ಥರಿಂದ ಪ್ರಜಾಪ್ರಭುತ್ವಕ್ಕೆ ಕೇಡು ಎನ್ನುವವರು ಈ ಒಂದು ಸಂಗತಿಗಾದರೂ ಉತ್ತರ ಹೇಳಬೇಕು.

ಬಾಕ್ಸ್ ಹಿಲ್‌ನ ಊಟದ ಮೇಜು

ಈ ಹಿನ್ನೆಲೆಯಲ್ಲಿ ನಮ್ಮ ಮನೆಗಳನ್ನು ನೋಡೋಣ. ಮಕ್ಕಳ ಬಳಿ ಬಂದು ನೆಲೆಸಿದ ತಂದೆತಾಯಿಗಳಲ್ಲಿ ಕೆಲವರು ಭಾರತದ ಪೌರತ್ವ ಬಿಟ್ಟು ಇಲ್ಲಿನ ಪ್ರಜೆಗಳಾಗುತ್ತಾರೆ. ಪೌರತ್ವ ಪರೀಕ್ಷೆಯ 20 ಪ್ರಶ್ನೆಗಳು ಇಂಗ್ಲಿಷಿನಲ್ಲಿವೆ, ಆದರೆ 60 ವರ್ಷ ದಾಟಿದವರಿಗೆ ಆ ಪರೀಕ್ಷೆಯಿಂದ ವಿನಾಯಿತಿ ಇದೆ. ಮಾನವೀಯವಾದ ಈ ವಿನಾಯಿತಿಯ ಮರುದಿನವೇ ಅವರು ಮತದಾರರಾಗುತ್ತಾರೆ. 1924ರಿಂದ ಸಂಸತ್ತಿನ ಚುನಾವಣೆಯಲ್ಲಿ ಮತದಾನ ಇಲ್ಲಿ ಕಡ್ಡಾಯ. ತಪ್ಪಿದರೆ 20 ಡಾಲರ್ ದಂಡ. ಊರಿನಲ್ಲಿ ನಾಲ್ಕು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ ನಿವೃತ್ತ ಕನ್ನಡ ಶಿಕ್ಷಕಿ ಇಲ್ಲಿಯ ಮತಪತ್ರದ ಮುಂದೆ ಎರಡನೆಯ ಬಗೆಯ ಅನಕ್ಷರಸ್ಥೆಯಾಗಿ ನಿಲ್ಲುತ್ತಾರೆ.

ನಿಯಮಗಳೂ ಒಂದೇ ತೆರನಾಗಿಲ್ಲ. ಸಂಸತ್ತಿನ ಕೆಳಮನೆಗೆ ಮತ ಹಾಕುವಾಗ ಪ್ರತಿಯೊಂದು ಚೌಕದಲ್ಲೂ ಆದ್ಯತೆಯ ಅಂಕೆ ಬರೆಯಬೇಕು. ನ್ಯೂ ಸೌತ್ ವೇಲ್ಸ್‌ನ ಶಾಸನಸಭೆಗಾದರೆ 1 ಎಂದಷ್ಟೇ ಬರೆದರೂ ಮತ ಸಿಂಧು. ಸಿಡ್ನಿಯ ಬಾಕ್ಸ್ ಹಿಲ್‌ನವರು ರಾಜ್ಯದ ಚುನಾವಣೆಯಲ್ಲಿ ಕಲಿತದ್ದನ್ನು ಸಂಸತ್ತಿನ ಚುನಾವಣೆಯಲ್ಲಿ ಮಾಡಿದರೆ ಮತ ಅಸಿಂಧುವಾಗುತ್ತದೆ. 2019ರಲ್ಲಿ ದೇಶದಾದ್ಯಂತ ಕೆಳಮನೆಯ ಮತಗಳಲ್ಲಿ ಶೇಕಡ 5.54, ಅಂದರೆ ಎಂಟು ಲಕ್ಷಕ್ಕೂ ಹೆಚ್ಚು, ಅಸಿಂಧುವಾದವು. ವಲಸೆಗಾರರು ಹೆಚ್ಚಿರುವ ಪಶ್ಚಿಮ ಸಿಡ್ನಿಯ ಫೌಲರ್, ಬ್ಲ್ಯಾಕ್ಸ್‌ಲ್ಯಾಂಡ್, ವಾಟ್ಸನ್ ಕ್ಷೇತ್ರಗಳಲ್ಲಿ ಈ ಪ್ರಮಾಣ ಶೇಕಡ 10 ದಾಟಿತು. ಬೇಕೆಂದೇ ಖಾಲಿ ಬಿಟ್ಟ ಮತಪತ್ರಗಳೂ ಇದರಲ್ಲಿ ಸೇರಿವೆ. ಆದರೂ ಇಂಗ್ಲಿಷ್ ಸರಿಯಾಗಿ ಬಾರದವರ ಪ್ರಮಾಣಕ್ಕೂ ಅಸಿಂಧು ಮತಕ್ಕೂ ಸಂಬಂಧವಿರುವುದನ್ನು ಚುನಾವಣಾ ಆಯೋಗದ ಅಧ್ಯಯನಗಳೇ ಮತ್ತೆ ಮತ್ತೆ ತೋರಿಸಿವೆ.

ಮೆಲ್ಬೋರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಇನ್ನೊಂದು ತೊಡಕಿದೆ. ವಿಕ್ಟೋರಿಯಾದ ನಗರಸಭೆಗಳಿಗೆ 2020 ಮತ್ತು 2024ರಲ್ಲಿ ಅಂಚೆಯ ಮೂಲಕವೇ ಮತದಾನ ನಡೆಯಿತು. ಮತಪತ್ರ ಮನೆಗೇ ಬರುತ್ತದೆ, ಜೊತೆಗೆ ಅಭ್ಯರ್ಥಿಗಳ ಪರಿಚಯದ ಪುಸ್ತಿಕೆಯೂ ಬರುತ್ತದೆ. ಮತಗಟ್ಟೆಯ ಮರೆ, ಅಧಿಕಾರಿಯ ಕಾವಲು ಇಲ್ಲಿಲ್ಲ. ಊಟದ ಮೇಜಿನ ಮೇಲೆ ಮಗನೋ ಸೊಸೆಯೋ ಲಕೋಟೆ ಒಡೆದು, ಇಲ್ಲಿ 1, ಅಲ್ಲಿ 2 ಎಂದು ಹೇಳಿ, ಸಹಿ ಮಾಡಿಸಿ ಅಂಚೆಗೆ ಹಾಕುತ್ತಾರೆ. ಯಾರ ಮನಸ್ಸಿನಲ್ಲೂ ಕೆಡುಕಿಲ್ಲ. ದಂಡ ತಪ್ಪಿತೆಂಬ ಸಮಾಧಾನವಷ್ಟೇ ಇದೆ. ಆದರೆ ಆ ಮನೆಯಿಂದ ಹೋದ ನಾಲ್ಕು ಲಕೋಟೆಗಳಲ್ಲಿ ಇದ್ದದ್ದು ಒಬ್ಬರ ಮತ. ಬೀದಿಬದಿಯ ನೇರಳೆ ಫಲಕ ಮಾಡಲು ಹೊರಟಿದ್ದನ್ನು ಪ್ರೀತಿಯ ಮಗ ಯಾರ ಆಕ್ಷೇಪಕ್ಕೂ ಸಿಗದಂತೆ ಮಾಡಿ ಮುಗಿಸುತ್ತಾನೆ.

ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ನಗರಸಭೆ ನಿರ್ಧರಿಸುವ ಗ್ರಂಥಾಲಯ, ಪಾದಚಾರಿ ಮಾರ್ಗ, ಹಿರಿಯರ ಹಗಲು ಕೇಂದ್ರಗಳನ್ನು ದಿನನಿತ್ಯ ಬಳಸುವವರು ಕೆಲಸಕ್ಕೆ ಕಾರಿನಲ್ಲಿ ಹೋಗುವ ಮಗನಿಗಿಂತ ಹೆಚ್ಚಾಗಿ ಅವನ ತಾಯಿಯೇ. ಆಕೆಯ ಅಗತ್ಯ ಮತಪತ್ರದವರೆಗೆ ತಲುಪದಿದ್ದರೆ ನಗರಸಭೆಗೆ ಅದು ಎಂದೂ ತಿಳಿಯುವುದಿಲ್ಲ.

ಎರಡನೆಯ ಓದುಗ

ಪರಿಹಾರಗಳು ಸಾಧಾರಣವಾದವು, ಆದ್ದರಿಂದ ಸಾಧ್ಯವಾದವು. ಮತಗಟ್ಟೆಯ ಬಳಿ ಇಡುವ ಯಾವ ಭಾಷೆಯ ಫಲಕದಲ್ಲೂ ಪಕ್ಷದ ಹೆಸರು, ಲಾಂಛನ ದೊಡ್ಡದಾಗಿರಬೇಕು ಮತ್ತು ಇಂಗ್ಲಿಷ್ ಅನುವಾದ ಜೊತೆಗಿರಬೇಕು ಎಂಬ ನಿಯಮ ಬಂದರೆ, ಎರಡೂ ಕಡೆಯವರು ಅದನ್ನು ಪರೀಕ್ಷಿಸಬಹುದು. ಸರಕಾರದ ಸೂಚನೆಗಳು ಚಿತ್ರ ಮತ್ತು ಅಂಕೆಗಳನ್ನು ಹೆಚ್ಚು ನೆಚ್ಚಿಕೊಂಡಷ್ಟೂ ಮಧ್ಯವರ್ತಿಯ ಜಾಗ ಕಿರಿದಾಗುತ್ತದೆ.

ಕನ್ನಡ ಸಂಘಗಳು ಹಬ್ಬಗಳಿಗೆ ಕೊಡುವ ಶ್ರದ್ಧೆಯ ಒಂದು ಪಾಲನ್ನು ಚುನಾವಣೆಗೂ ಕೊಡಬಹುದು. ಯಾರಿಗೆ ಮತ ಹಾಕಬೇಕೆಂಬುದನ್ನು ಪೂರ್ತಿ ಬದಿಗಿಟ್ಟು, ಹೇಗೆ ಹಾಕಬೇಕೆಂದು ಕನ್ನಡದಲ್ಲಿ ತಿಳಿಸುವ ಒಂದು ಸಂಜೆ ಸಾಕು. ವಿವರಿಸುವವರು ಭಿನ್ನ ಒಲವಿನ ಇಬ್ಬರಾಗಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಮಕ್ಕಳು ಪುಸ್ತಿಕೆಯ ಎಲ್ಲ ಅಭ್ಯರ್ಥಿಗಳ ವಿವರವನ್ನೂ ಇದ್ದ ಕ್ರಮದಲ್ಲೇ ಕನ್ನಡಿಸಿ ಓದಿ ಹೇಳಲಿ; ಖಾಲಿ ಹಾಳೆಯ ಮೇಲೆ ಅಂಕೆ ಬರೆಯುವ ಅಭ್ಯಾಸ ಮಾಡಿಸಲಿ; ಪೆನ್ನು ಕೊಟ್ಟ ಮೇಲೆ ಎದ್ದು ಹೋಗಲಿ. ಸಂಸತ್ತಿನ ಚುನಾವಣೆಯಲ್ಲಿ ಮನೆಯವರ ನೆರವು ಬೇಡವೆನಿಸಿದ ಅನಕ್ಷರಸ್ಥ ಮತದಾರರಿಗೆ ಮತಗಟ್ಟೆಯ ಅಧಿಕಾರಿಯೇ ನೆರವಾಗುತ್ತಾರೆಂಬುದನ್ನು ಹಿರಿಯರಿಗೆ ತಿಳಿಸಿರಲಿ.

ಇವೆಲ್ಲ ಊರುಗೋಲುಗಳು. ಅಕ್ಷರ ಕಲಿಸುವುದಕ್ಕೆ ಬದಲಿಯಿಲ್ಲ. ಆಸ್ಟ್ರೇಲಿಯಾದಲ್ಲಿ ವಯಸ್ಕ ವಲಸೆಗಾರರಿಗೆ ಇಂಗ್ಲಿಷ್ ಕಲಿಸುವ ಯೋಜನೆ 1948ರಿಂದ ಇದೆ. ಅರ್ಹರಿಗೆ ಅದು ಉಚಿತ, ಮತ್ತು ಅದಕ್ಕಿದ್ದ 510 ಗಂಟೆಗಳ ಮಿತಿಯನ್ನು 2021ರಲ್ಲಿ ತೆಗೆದುಹಾಕಲಾಗಿದೆ. ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ಆರಂಭವಾದ ವಯಸ್ಕರ ಶಿಕ್ಷಣ ಸಮಿತಿ ಅಕ್ಷರ ಕಲಿಸಿ ಸುಮ್ಮನಾಗಲಿಲ್ಲ. ಹೊಸದಾಗಿ ಕಲಿತವರಿಗಾಗಿ 'ಬೆಳಕು' ಎಂಬ ಪತ್ರಿಕೆಯನ್ನೂ ನಡೆಸಿತು. ಓದಲು ಏನೂ ಇಲ್ಲದಿದ್ದರೆ ಕಲಿತ ಅಕ್ಷರ ಮಾಸಿಹೋಗುತ್ತದೆಂಬ ತಿಳಿವಳಿಕೆ ಅವರಿಗಿತ್ತು. ಯಾದಗಿರಿಯ ಹೊಸ ಸಾಕ್ಷರೆಗೂ ಬಾಕ್ಸ್ ಹಿಲ್‌ನ ಹಿರಿಯ ಕನ್ನಡತಿಗೂ ಇಂದು ಬೇಕಾದದ್ದು ಅಂಥದೇ: ತನ್ನ ಮೇಲೆ ಆಳ್ವಿಕೆ ನಡೆಸುವ ಬರಹ, ತಾನು ಓದಬಲ್ಲ ರೂಪದಲ್ಲಿ.

ಪ್ರಜಾಪ್ರಭುತ್ವ ಪ್ರತಿಯೊಬ್ಬನೂ ಪಂಡಿತನಾಗಬೇಕೆಂದು ಕೇಳುವುದಿಲ್ಲ. ತನಗೆ ಹೇಳಿದ್ದು ನಿಜವೇ ಎಂದು ನೋಡುವ ದಾರಿ ಪ್ರತಿಯೊಬ್ಬನಿಗೂ ಇರಬೇಕೆಂದು ಮಾತ್ರ ಕೇಳುತ್ತದೆ. ಆ ದಾರಿ ಕೆಲವರಿಗೆ ಸ್ವಂತ ಕಣ್ಣು, ಕೆಲವರಿಗೆ ಚಿಹ್ನೆ, ಕೆಲವರಿಗೆ ಊರ ನಡುವೆ ಗಟ್ಟಿಯಾಗಿ ಓದಿದ ಹಾಜರಿ ಪಟ್ಟಿ. ಅದು ಮುಚ್ಚಿದ ಕಡೆ ಮತ ಎಣಿಕೆಯಾಗುತ್ತದೆ, ಸರಕಾರ ರಚನೆಯಾಗುತ್ತದೆ, ಎಲ್ಲವೂ ಕ್ರಮಬದ್ಧವಾಗಿಯೇ ನಡೆಯುತ್ತದೆ. ಪ್ರಜೆಯ ಮಾತೊಂದು ಮಾತ್ರ ಅಲ್ಲಿ ಇರುವುದಿಲ್ಲ.